ಬರೀ ಓದುವುದೇ ಆಟ: ವಿಷುಯಲ್ ನಾವೆಲ್ ಆಡುವುದು ಅಂದರೆ ಏನು?

ಬಾಗಲಕೋಟೆಯ ವಿದ್ಯಾಗಿರಿಯಿಂದ ಅಕ್ಕ ಫೋನ್ ಮಾಡಿದ್ದಳು. ದನಿಯಲ್ಲಿ ಆತಂಕವಿತ್ತು.

"ತಮ್ಮಾ, ಈಕಿ ಗೇಮ್ ಆಡಾಕತ್ತೀನಿ ಅಂತಾಳ. ಹೋಗಿ ನೋಡಿದ್ರ ಲ್ಯಾಪ್‌ಟಾಪಿನ್ಯಾಗ ಒಂದು ಚಿತ್ರ, ಕೆಳಗ ನಾಕು ಸಾಲು ಅಕ್ಷರ. ಗುಂಡು ಹಾರಿಸೂದಿಲ್ಲ, ಓಡೂದಿಲ್ಲ. ಸುಮ್ನ ಓದ್ಕೋತ ಕುಂದರ್ತಾಳ. ನಿನ್ನೆ ರಾತ್ರಿ ಅಳಾಕತ್ತಿದ್ಲು. ಏನಿದು?"

ಅಕ್ಕನ ಮಗಳು ಎಂಜಿನಿಯರಿಂಗ್ ಎರಡನೇ ವರ್ಷ. ಅವಳು ಆಡುತ್ತಿದ್ದದ್ದು 'ಸ್ಟೈನ್ಸ್ ಗೇಟ್' ಎಂಬ ಜಪಾನಿ ಆಟ. ಇಂಥ ಆಟಕ್ಕೆ ವಿಷುಯಲ್ ನಾವೆಲ್ ಅನ್ನುತ್ತಾರೆ. ಅದನ್ನು ನಾನೂ ಆಡಿ ಮುಗಿಸಿದ್ದೇನೆ. ಅವಳು ಯಾಕೆ ಅತ್ತಳು ಅನ್ನೋದು ನನಗೆ ಗೊತ್ತು, ಆದರೆ ಅದನ್ನು ಇಲ್ಲಿ ಹೇಳಿದರೆ ಆಟ ಕೆಟ್ಟುಹೋಗುತ್ತದೆ. ಟಿವಿಯಲ್ಲಿ, ಮೊಬೈಲಿನಲ್ಲಿ ಅನಿಮೆ, ಅಂದರೆ ಜಪಾನಿ ಕಾರ್ಟೂನು, ನೋಡಿ ಬೆಳೆದ ಮಕ್ಕಳು ಈಗ ಇಂಥ ಆಟಗಳ ಕಡೆ ತಿರುಗಿದ್ದಾರೆ. ಅಕ್ಕನ ಪ್ರಶ್ನೆ ಬೇರೆ ಮನೆಗಳಲ್ಲೂ ಎದ್ದಿರಬಹುದು. ಹಾಗಾಗಿ ಮೊದಲಿನಿಂದ ಹೇಳುತ್ತೇನೆ.

## ಬನಶಂಕರಿ ಜಾತ್ರೆಯ ನಾಟಕದ ಹಾಗೆ

ಬನದ ಹುಣ್ಣಿಮೆ ಬಂತೆಂದರೆ ಬಾದಾಮಿ ಹತ್ತಿರದ ಬನಶಂಕರಿಯಲ್ಲಿ ನಾಟಕ ಕಂಪನಿಗಳ ಟೆಂಟುಗಳು ಸಾಲಾಗಿ ಏಳುತ್ತವೆ. ರಂಗದ ಹಿಂದೆ ಬಣ್ಣ ಬಳಿದ ಪರದೆ. ಅರಮನೆಯ ಪರದೆ ಇಳಿದರೆ ಅರಮನೆ, ಕಾಡಿನ ಪರದೆ ಇಳಿದರೆ ಕಾಡು. ಪಾತ್ರಧಾರಿ ಬಂದು ಮುಂದೆ ನಿಂತು ಮಾತಾಡುತ್ತಾನೆ. ಪಕ್ಕದಲ್ಲಿ ಹಾರ್ಮೋನಿಯಂ, ತಬಲಾ.

ವಿಷುಯಲ್ ನಾವೆಲ್ ಎಂದರೆ ಹೆಚ್ಚು ಕಡಿಮೆ ಇದೇ. ಹಿಂದೆ ಒಂದು ಸ್ಥಳದ ಚಿತ್ರ: ಕೋಣೆ, ಬೀದಿ, ರೈಲು ನಿಲ್ದಾಣ. ಅದರ ಮುಂದೆ ನಿಂತ ಪಾತ್ರದ ಚಿತ್ರ. ಇದನ್ನು 'ಸ್ಪ್ರೈಟ್' ಅನ್ನುತ್ತಾರೆ. ಕೆಳಗೆ ಒಂದು ಚೌಕದಲ್ಲಿ ಮಾತು. ಕ್ಲಿಕ್ ಮಾಡಿದರೆ ಮುಂದಿನ ಸಾಲು ಬರುತ್ತದೆ. ಜೊತೆಗೆ ಸಂಗೀತ, ಕಲಾವಿದರ ದನಿ. ಕಥೆಯ ದೊಡ್ಡ ಗಳಿಗೆಗಳಲ್ಲಿ ಮಾತ್ರ ಪರದೆ ತುಂಬ ಒಂದು ವಿಶೇಷ ಚಿತ್ರ ಬರುತ್ತದೆ, ಅದು 'ಸಿಜಿ'.

ಟೆಂಟಿನಲ್ಲಿ ನಾಟಕ ತನ್ನ ವೇಗದಲ್ಲಿ ಓಡುತ್ತದೆ. ಇಲ್ಲಿ ವೇಗ ನಿಮ್ಮದು. ಹಿಂದೆ ಆಡಿದ ಮಾತನ್ನು ಮತ್ತೆ ಓದಲು 'ಬ್ಯಾಕ್‌ಲಾಗ್' ಇದೆ. ಒಮ್ಮೆ ಓದಿದ ಭಾಗವನ್ನು ಸರ್ರನೆ ಓಡಿಸಲು 'ಸ್ಕಿಪ್' ಇದೆ. ಈ ಸ್ಕಿಪ್ ನೆನಪಿಡಿ. ಮುಂದೆ ಇದೇ ದೊಡ್ಡ ಕೆಲಸಕ್ಕೆ ಬರುತ್ತದೆ.

ಅನಿಮೆ ಶೈಲಿಯೇ ಯಾಕೆ? ಒಂದು ಕಾರಣ, ಈ ಬಗೆಯ ಆಟ ಬೆಳೆದದ್ದು ಜಪಾನಿನಲ್ಲಿ. ಇನ್ನೊಂದು ಖರ್ಚಿನದು. ಒಂದು ಪಾತ್ರವನ್ನು ಒಮ್ಮೆ ಬರೆದು, ಮುಖಭಾವ ಮಾತ್ರ ಬದಲಿಸುತ್ತಾ ಹೋದರೆ ಗಂಟೆಗಟ್ಟಲೆ ಕಥೆ ನಡೆಸಬಹುದು. ಸಣ್ಣ ತಂಡಕ್ಕೂ ಇದು ಸಾಧ್ಯ. ಉಳಿದ ಶ್ರಮವೆಲ್ಲ ಬರವಣಿಗೆಗೆ ಹೋಗುತ್ತದೆ. ಸ್ಟೈನ್ಸ್ ಗೇಟ್ ಓದಿ ಮುಗಿಸಲು 30 ಗಂಟೆಗಿಂತ ಜಾಸ್ತಿ ಬೇಕು.

## ಆಟ ಎಲ್ಲಿದೆ?

ಓದುತ್ತಾ ಹೋದಾಗ ಅಲ್ಲಲ್ಲಿ ಕಥೆ ನಿಲ್ಲುತ್ತದೆ. ನಿಮ್ಮನ್ನು ಕೇಳುತ್ತದೆ: ಬಾಗಿಲು ತೆರೆಯುತ್ತೀಯಾ, ಇಲ್ಲವಾ? ಗೆಳತಿಗೆ ನಿಜ ಹೇಳುತ್ತೀಯಾ, ಮುಚ್ಚಿಡುತ್ತೀಯಾ? ನೀವು ಆರಿಸಿದ ಹಾಗೆ ಕಥೆ ಕವಲೊಡೆಯುತ್ತದೆ. ಒಂದೊಂದು ಕವಲಿಗೆ 'ರೂಟ್' ಎಂದು ಹೆಸರು. ಒಂದೊಂದು ರೂಟಿಗೂ ಅದರದೇ ಕೊನೆ.

ಇಲ್ಲಿ ಒಂದು ಲೆಕ್ಕ ಇದೆ. ಪ್ರತಿ ಸಲ ಎರಡೇ ಆಯ್ಕೆ ಅಂದುಕೊಳ್ಳಿ. ಇಂಥ ಹತ್ತು ಕವಲು ಬಂದರೆ 1024 ಬೇರೆ ಬೇರೆ ದಾರಿಗಳಾಗುತ್ತವೆ. ಅಷ್ಟನ್ನೂ ಯಾರು ಬರೆಯುತ್ತಾರೆ? ಅದಕ್ಕೆ ಬರೆಯುವವರು ಹೆಚ್ಚಿನ ಕವಲುಗಳನ್ನು ಸ್ವಲ್ಪ ದೂರ ಹೋದ ಮೇಲೆ ಮತ್ತೆ ಮುಖ್ಯ ದಾರಿಗೆ ಸೇರಿಸಿಬಿಡುತ್ತಾರೆ. ಆದರೆ ನೀವು ಮಾಡಿದ್ದನ್ನು ಆಟ ಮರೆಯುವುದಿಲ್ಲ. ನಮ್ಮ ಅಜ್ಜಿ ಏನಾದರೂ ನೆನಪಿಡಬೇಕಿದ್ದರೆ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ಆಟವೂ ಹಾಗೆ ಒಳಗೊಳಗೆ ಗಂಟು ಹಾಕಿಕೊಳ್ಳುತ್ತದೆ: ಈಕೆ ಗೆಳತಿಗೆ ನಿಜ ಹೇಳಿದ್ದಾಳೆ, ಈಕೆ ಕೀಲಿಕೈ ನೋಡಿದ್ದಾಳೆ. ಇಂಥ ಗಂಟಿಗೆ 'ಫ್ಲ್ಯಾಗ್' ಅನ್ನುತ್ತಾರೆ. ಹತ್ತು ಗಂಟೆ ಓದಿದ ಮೇಲೆ ಯಾವುದೋ ಒಂದು ಬಾಗಿಲು ತೆರೆಯುವುದು, ಮುಚ್ಚಿಕೊಳ್ಳುವುದು ಈ ಗಂಟುಗಳ ಮೇಲೆ.

ಕೆಲವು ರೂಟುಗಳು ಸಾವಿನಲ್ಲೋ ಸೋಲಿನಲ್ಲೋ ನಿಂತುಬಿಡುತ್ತವೆ. ಅವು 'ಬ್ಯಾಡ್ ಎಂಡ್'. ಎಲ್ಲ ಒಗಟೂ ಬಿಡಿಸಿಕೊಳ್ಳುವ ಕೊನೆ 'ಟ್ರೂ ಎಂಡ್'. ರಹಸ್ಯದ ಆಟಗಳಲ್ಲಿ ಎಷ್ಟೋ ಸಲ ಬೇರೆ ರೂಟುಗಳನ್ನು ಓದದೆ ಟ್ರೂ ಎಂಡ್ ಸಿಗುವುದೇ ಇಲ್ಲ. ಇಳಕಲ್ ಸೀರೆ ನೇಯುವುದನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಅಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಕುಣಿಕೆ ಹಾಕಿ ಎರಡನ್ನೂ ಜೋಡಿಸಿದ ಮೇಲೆಯೇ ಅದು ಒಂದು ಸೀರೆ. ಈ ಆಟಗಳಲ್ಲಿ ರೂಟುಗಳಿಗೆ ಕುಣಿಕೆ ಹಾಕುವವರು ಆಡುವವರು.

## ಒಂದು ಸಣ್ಣ ಕಥೆ ಕಟ್ಟಿ ನೋಡೋಣ

ನೀವು ಒಬ್ಬ ಹುಡುಗಿ. ಹಳೇ ಬಾಗಲಕೋಟೆಯ ಮನೆ ಆಲಮಟ್ಟಿ ಹಿನ್ನೀರಿನ ಪಾಲಾದಾಗ ಅಲ್ಲಿಂದ ತಂದ ಒಂದು ಟ್ರಂಕು ನವನಗರದ ಮನೆಯಲ್ಲಿದೆ. ಅದಕ್ಕೆ ನಂಬರಿನ ಬೀಗ. ನಂಬರ್ ಗೊತ್ತಿರುವುದು ಅಜ್ಜಿಗೆ ಮಾತ್ರ, ಅಜ್ಜಿ ಆಸ್ಪತ್ರೆಯಲ್ಲಿದ್ದಾಳೆ. ಇವತ್ತು ಸಂಜೆ ಗುಜರಿಯವನು ಬಂದು ಟ್ರಂಕು ಒಯ್ಯುತ್ತಾನೆ.

ಆಯ್ಕೆ ಬರುತ್ತದೆ: ಮನೆಯಲ್ಲಿದ್ದು ಟ್ರಂಕು ಕಾಯುವುದಾ, ಅಜ್ಜಿಯ ಹತ್ತಿರ ಹೋಗುವುದಾ?

ಮನೆಯಲ್ಲಿದ್ದರೆ ಟ್ರಂಕು ಉಳಿಯುತ್ತದೆ. ಆದರೆ ರಾತ್ರಿ ಅಜ್ಜಿ ತೀರಿಕೊಂಡ ಸುದ್ದಿ ಬರುತ್ತದೆ. ಬೀಗ ಎಂದೂ ತೆರೆಯುವುದಿಲ್ಲ. ಬ್ಯಾಡ್ ಎಂಡ್. ಆಸ್ಪತ್ರೆಗೆ ಹೋದರೆ ಅಜ್ಜಿ ಕೈ ಹಿಡಿದು ನಾಲ್ಕು ಅಂಕಿ ಹೇಳುತ್ತಾಳೆ. ಓಡಿ ಮನೆಗೆ ಬಂದರೆ ಟ್ರಂಕು ಹೋಗಿಬಿಟ್ಟಿದೆ. ಇದೂ ಬ್ಯಾಡ್ ಎಂಡ್.

ಈಗ ಗಮನಿಸಿ. ಎರಡೂ ದಾರಿಯಲ್ಲಿ ಹುಡುಗಿ ಸೋತಳು. ಆದರೆ ನೀವು ಸೋತಿಲ್ಲ. ನಿಮಗೆ ಆ ನಾಲ್ಕು ಅಂಕಿ ಗೊತ್ತಿವೆ. ಆಟವನ್ನು ಮೊದಲೇ 'ಸೇವ್' ಮಾಡಿಟ್ಟಿದ್ದರೆ ಆ ಕವಲಿಗೇ ಮರಳಬಹುದು. ಮರಳಿ, ಮನೆಯಲ್ಲೇ ಉಳಿದು, ಟ್ರಂಕಿನ ಮುಂದೆ ಕೂತು ನಂಬರ್ ಹಾಕಬಹುದು.

ಪತ್ತೇದಾರಿ ಕಾದಂಬರಿಗೂ ಇದಕ್ಕೂ ಇರುವ ದೊಡ್ಡ ಅಂತರ ಇದು. ಕಾದಂಬರಿಯಲ್ಲಿ ಸುಳಿವುಗಳನ್ನು ಕೂಡಿಸುವವನು ಪತ್ತೇದಾರ. ಇಲ್ಲಿ ಒಂದು ಸುಳಿವು ಒಂದು ದಾರಿಯಲ್ಲಿ, ಇನ್ನೊಂದು ಸುಳಿವು ಅದರ ಜೊತೆ ಎಂದೂ ಸೇರದ ಇನ್ನೊಂದು ದಾರಿಯಲ್ಲಿ. ಎರಡನ್ನೂ ಕಂಡವರು ನೀವೊಬ್ಬರೇ. ಹಿಂದಕ್ಕೆ ಹೋಗಿ, ಓದಿದ್ದನ್ನು ಸ್ಕಿಪ್ ಮಾಡಿ, ಬೇರೆ ದಾರಿ ಹಿಡಿಯುವುದೇ ನಿಜವಾದ ಆಟ. ನಮ್ಮ ಅಕ್ಕನಿಗೆ ಅದು ಬರೀ ಓದಿನಂತೆ ಕಂಡಿತ್ತು.

ಆದರೆ ಒಂದು ಪ್ರಶ್ನೆ ಉಳಿಯಿತು, ಅಲ್ವಾ? ಹುಡುಗಿ ಆಸ್ಪತ್ರೆಗೆ ಹೋಗಲೇ ಇಲ್ಲ. ಅವಳಿಗೆ ನಂಬರ್ ಗೊತ್ತಾಗಿದ್ದು ಹೇಗೆ?

## ಅದಕ್ಕೇ ವಿಜ್ಞಾನ ಕಥೆ ಬೇಕಾಯಿತು

ಮಾಮೂಲಿ ಕಥೆಯಲ್ಲಿ ಇದಕ್ಕೆ ಉತ್ತರವಿಲ್ಲ. ವಿಜ್ಞಾನ ಕಥೆಯಲ್ಲಿ ಇದೆ. ಇನ್ನೊಂದು ದಾರಿಯ ಹುಡುಗಿಯೇ ಹಿಂದಿನ ಕಾಲಕ್ಕೆ ಒಂದು ಮೆಸೇಜ್ ಕಳಿಸಿದ್ದರೆ? ಅಥವಾ ಅಳಿಸಿಹೋದ ದಾರಿಯ ನೆನಪು ಅವಳಲ್ಲಿ ಉಳಿದಿದ್ದರೆ?

ಸೇವ್ ಮಾಡುವುದು, ಹಿಂದಕ್ಕೆ ಹೋಗುವುದು ಬಹಳಷ್ಟು ಆಟಗಳಲ್ಲಿ ಇರುವ ಸೌಲಭ್ಯ. ಅದು ಕಥೆಯ ಹೊರಗಿನದು, ಪುಸ್ತಕದ ಪುಟ ಮಡಚಿದ ಹಾಗೆ. ಜಪಾನಿನ ಕೆಲವು ಬರಹಗಾರರು ಅದನ್ನೇ ಕಥೆಯ ಒಳಕ್ಕೆ ತಂದರು. ಆಡುವವರು ಹಿಂದಕ್ಕೆ ಹೋಗುವುದೂ ಪಾತ್ರ ಕಾಲದಲ್ಲಿ ಹಿಂದಕ್ಕೆ ಹೋಗುವುದೂ ಒಂದೇ ಆಯಿತು. 1996ರ 'ಯು-ನೋ' ಎಂಬ ಆಟದಲ್ಲಿ ಕವಲುಗಳ ನಕ್ಷೆಯೇ ಪರದೆಯ ಮೇಲೆ ಕಾಣುತ್ತಿತ್ತು. ಪಾತ್ರದ ಕೈಯಲ್ಲಿರುವ ಒಂದು ಸಾಧನದಿಂದ ಒಂದು ಕವಲಿನಿಂದ ಇನ್ನೊಂದಕ್ಕೆ ಹೋಗಬಹುದಿತ್ತು. ಕಾಲಯಾನದ ಕಥೆಗಳು ಈ ಬಗೆಯ ಆಟದಲ್ಲಿ ಇಷ್ಟು ಚೆನ್ನಾಗಿ ಕೂರಲು ಕಾರಣ ಇದೇ ಎಂದು ನನಗೆ ಅನಿಸುತ್ತದೆ. ಬೇರೆ ಯಾವ ಮಾಧ್ಯಮದಲ್ಲೂ ಓದುಗ ತನ್ನ ಕೈಯಾರೆ ಕಾಲವನ್ನು ಹಿಂದಕ್ಕೆ ತಿರುಗಿಸುವುದಿಲ್ಲ.

## ಮೈಕ್ರೋವೇವ್ ಒಲೆಯಿಂದ ಹೋದ ಮೆಸೇಜ್

ಸ್ಟೈನ್ಸ್ ಗೇಟ್ ಬಂದದ್ದು 2009ರ ಅಕ್ಟೋಬರ್ 15ರಂದು, ಎಕ್ಸ್‌ಬಾಕ್ಸ್ 360 ಎಂಬ ಆಟದ ಯಂತ್ರಕ್ಕೆ. ಮಾಡಿದವರು ಫೈವ್ ಪಿಬಿ ಮತ್ತು ನೈಟ್ರೋಪ್ಲಸ್ ಎಂಬ ಎರಡು ಜಪಾನಿ ಕಂಪನಿಗಳು. ಕಥೆ ನಡೆಯುವುದು ಟೋಕಿಯೋದ ಅಕಿಹಬಾರದಲ್ಲಿ. ನಮ್ಮ ಬೆಂಗಳೂರಿನ ಎಸ್‌ಪಿ ರಸ್ತೆಯ ಹಾಗೆ ಎಲೆಕ್ಟ್ರಾನಿಕ್ ಸಾಮಾನಿನ ಪೇಟೆ ಅದು. ಅದರ ಜೊತೆಗೆ ಅನಿಮೆ ಅಂಗಡಿಗಳನ್ನೂ ಸೇರಿಸಿಕೊಳ್ಳಿ.

ಒಕಾಬೆ ರಿಂತಾರೊ ಎಂಬ ಕಾಲೇಜು ಹುಡುಗ ಹಳೇ ಟಿವಿ ಅಂಗಡಿಯ ಮಾಳಿಗೆಯಲ್ಲಿ ಕೋಣೆ ಬಾಡಿಗೆ ಹಿಡಿದು ಅದಕ್ಕೆ ಪ್ರಯೋಗಾಲಯ ಎಂದು ಹೆಸರಿಟ್ಟಿದ್ದಾನೆ. ತಾನು ದೊಡ್ಡ ವಿಜ್ಞಾನಿ ಎಂದು ಹೇಳಿಕೊಳ್ಳುತ್ತಾನೆ. ಗೆಳೆಯರ ಜೊತೆ ಸೇರಿ ಮೊಬೈಲನ್ನೂ ಮೈಕ್ರೋವೇವ್ ಒಲೆಯನ್ನೂ ಜೋಡಿಸಿದ್ದಾನೆ. ಒಂದು ದಿನ ಅವರಿಗೆ ತಿಳಿಯುತ್ತದೆ: ಈ ಒಲೆಯ ಮೂಲಕ ಹೋದ ಮೆಸೇಜ್ ಹಿಂದಿನ ಕಾಲಕ್ಕೆ ಮುಟ್ಟುತ್ತಿದೆ. ಒಂದು ಪುಟ್ಟ ಸಾಲು ಮಾತ್ರ ಕಳಿಸಬಹುದು. ಆದರೆ ಆ ಸಾಲು ಓದಿದವರು ಅವತ್ತು ಬೇರೇನೋ ಮಾಡುತ್ತಾರೆ, ಇವತ್ತಿನ ಲೋಕ ಬದಲಾಗುತ್ತದೆ. ಬದಲಾದದ್ದು ಯಾರಿಗೂ ಗೊತ್ತಿಲ್ಲ. ಹಿಂದಿನ ಲೋಕದ ನೆನಪು ಉಳಿಯುವುದು ಒಕಾಬೆಗೆ ಮಾತ್ರ. ಅವನು ಆ ಶಕ್ತಿಗೆ 'ರೀಡಿಂಗ್ ಸ್ಟೈನರ್' ಎಂದು ಹೆಸರಿಡುತ್ತಾನೆ.

ಟ್ರಂಕಿನ ಹುಡುಗಿಯ ಪ್ರಶ್ನೆಗೆ ಉತ್ತರ ಸಿಕ್ಕಿತು ನೋಡಿ. ಎಲ್ಲರೂ ಮರೆತ ಮೇಲೂ ನೆನಪಿಟ್ಟುಕೊಂಡ ಒಬ್ಬನೇ ಮನುಷ್ಯ ಒಕಾಬೆ. ಪರದೆಯ ಈಚೆ ಕೂತ ನೀವೂ ಅದೇ ಸ್ಥಿತಿಯಲ್ಲಿದ್ದೀರಿ. ನೆನಪಿನ ಭಾರ ಇಬ್ಬರಿಗೂ ಒಂದೇ. ಮಗಳು ಅತ್ತಿದ್ದು ಯಾಕೆ ಎಂದು ಅಕ್ಕನಿಗೆ ನಾನು ಇಷ್ಟು ಮಾತ್ರ ಹೇಳಿದೆ.

ಈ ಆಟದಲ್ಲಿ ಆಯ್ಕೆಗಳು ಪಟ್ಟಿಯಾಗಿ ಬರುವುದಿಲ್ಲ. ಒಕಾಬೆಯ ಮೊಬೈಲ್ ನಿಮ್ಮ ಕೈಯಲ್ಲಿರುತ್ತದೆ. ಕರೆ ಬಂದರೆ ಎತ್ತುವುದಾ ಬಿಡುವುದಾ, ಮೆಸೇಜಿಗೆ ಉತ್ತರಿಸುವುದಾ ಬೇಡವಾ, ಮೆಸೇಜಿನ ಯಾವ ಪದ ಹಿಡಿದು ಉತ್ತರಿಸುವುದು, ಇಷ್ಟೇ. ಒಟ್ಟು ಆರು ಕೊನೆಗಳು. ಟ್ರೂ ಎಂಡಿಗೆ ಬೇಕಾದ ಗಂಟುಗಳು ಹಗುರ ಹರಟೆಯಂತೆ ಕಾಣುವ ಮೆಸೇಜುಗಳಲ್ಲಿ ಅಡಗಿವೆ. ಮೊದಲ ಕೆಲವು ಗಂಟೆ ಕಥೆ ತುಂಬಾ ನಿಧಾನ. ಹರಟೆ, ತಿಂಡಿ, ಜಗಳ. ಬಿಟ್ಟುಬಿಡಬೇಕು ಅನಿಸಬಹುದು, ಬಿಡಬೇಡಿ. ಆ ಹರಟೆಯಲ್ಲಿ ಆ ಜನ ನಿಮ್ಮವರಾಗದಿದ್ದರೆ ಮುಂದಿನ ಕಥೆ ತಟ್ಟುವುದಿಲ್ಲ.

## ಕಣಕುಂಬಿಯ ಮಳೆಹನಿ

ಆಟದಲ್ಲಿ ಎಲ್ಲರೂ ತಡವರಿಸುವ ಜಾಗ 'ವರ್ಲ್ಡ್ ಲೈನ್'. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಹಳೇ ಬಾಗಲಕೋಟೆಯ ಹಿರಿಯರು ಕೂತಾಗ ಒಂದು ಮಾತು ಬಂದೇ ಬರುತ್ತದೆ. "ಡ್ಯಾಂ ಆಗಲಿಲ್ಲ ಅಂದಿದ್ರ ನಮ್ಮ ಅಂಗಡಿ ಅಲ್ಲೇ ಇರ್ತಿತ್ತು." ಆ ನೀರು ಬರದ, ಆ ಅಂಗಡಿ ಹಾಗೇ ಇರುವ ಇನ್ನೊಂದು ಬಾಗಲಕೋಟೆಯನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳಿ. ಹೀಗೆ ಆಗಬಹುದಾಗಿದ್ದ ಇಡೀ ಒಂದು ಚರಿತ್ರೆಗೆ ಆಟದಲ್ಲಿ ವರ್ಲ್ಡ್ ಲೈನ್ ಅನ್ನುತ್ತಾರೆ. ಹಿಂದಕ್ಕೆ ಹೋದ ಒಂದು ಮೆಸೇಜ್ ಒಂದು ವರ್ಲ್ಡ್ ಲೈನಿನಿಂದ ಇನ್ನೊಂದಕ್ಕೆ ನೂಕುತ್ತದೆ. ಎಲ್ಲ ಲೋಕಗಳೂ ಒಟ್ಟಿಗೆ ಅಕ್ಕಪಕ್ಕ ಇರುತ್ತವೆ ಎಂದು ಈ ಆಟ ಹೇಳುವುದಿಲ್ಲ. ಒಂದು ಹೊತ್ತಿಗೆ ನಡೆಯುತ್ತಿರುವುದು ಒಂದೇ, ಉಳಿದವು ಬರೀ ಸಾಧ್ಯತೆಗಳು.

ಹಾಗಾದರೆ ಬೇಕಾದ್ದನ್ನೆಲ್ಲ ಬದಲಿಸಬಹುದಲ್ಲ? ಆಗುವುದಿಲ್ಲ. ಇಲ್ಲೇ ಕಥೆಯ ಹಿಡಿತ ಇರುವುದು.

ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡನ್ನು ನೆನೆಸಿಕೊಳ್ಳಿ. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ. ಅಲ್ಲಿ ಬಿದ್ದ ಮಳೆಹನಿ ಒಂದಡಿ ಆಚೆ ಬೀಳಲಿ, ನೂರಡಿ ಈಚೆ ಬೀಳಲಿ, ಬೇರೆ ಬೇರೆ ಹಳ್ಳ ಹಿಡಿಯಬಹುದು, ಕೊನೆಗೆ ಸೇರುವುದು ಮಲಪ್ರಭೆಗೆ. ಕೂಡಲಸಂಗಮದಲ್ಲಿ ಕೃಷ್ಣೆಗೆ, ಆಮೇಲೆ ಬಂಗಾಳ ಕೊಲ್ಲಿಗೆ. ದಾರಿ ಬೇರೆಯಾದರೂ ಕೊನೆ ಒಂದೇ. ಆಟದಲ್ಲಿ ಹೀಗೆ ಒಂದೇ ಕೊನೆಗೆ ಹರಿಯುವ ವರ್ಲ್ಡ್ ಲೈನುಗಳ ಗುಂಪಿಗೆ 'ಅಟ್ರ್ಯಾಕ್ಟರ್ ಫೀಲ್ಡ್' ಎಂದು ಹೆಸರು. ಸಣ್ಣಪುಟ್ಟ ಸಂಗತಿ ಬದಲಾಗುತ್ತವೆ. ಆದರೆ ಆಗಲೇಬೇಕಾದ ಒಂದು ಸಾವು ಹೇಗಾದರೂ ಆಗಿಯೇ ಆಗುತ್ತದೆ.

ಅದೇ ಖಾನಾಪುರ ತಾಲ್ಲೂಕಿನಲ್ಲಿ ಮಹದಾಯಿಯೂ ಹುಟ್ಟುತ್ತಾಳೆ. ಅವಳು ಗೋವಾ ಕಡೆ ಇಳಿದು ಅರಬ್ಬಿ ಸಮುದ್ರ ಸೇರುತ್ತಾಳೆ. ಹನಿ ಗುಡ್ಡದ ಏಣು ದಾಟಿ ಆ ಕಡೆ ಬಿದ್ದರೆ ಮುಗಿಯಿತು, ಸಮುದ್ರವೇ ಬೇರೆ. ಒಕಾಬೆಯ ಮುಂದಿರುವ ಕೆಲಸ ಇದೇ: ಏಣು ದಾಟುವಷ್ಟು ದೊಡ್ಡ ಬದಲಾವಣೆ ಯಾವುದು ಎಂದು ಕಂಡುಹಿಡಿಯುವುದು. ತಾನು ಎಲ್ಲಿದ್ದೇನೆ ಎಂದು ಅಳೆಯಲು ಗಾಜಿನ ಕೊಳವೆಗಳಲ್ಲಿ ಹೊಳೆಯುವ ಅಂಕಿಗಳ ಒಂದು ಮೀಟರ್ ಇದೆ. ಅದರಲ್ಲಿ 1 ಎಂಬ ಸಂಖ್ಯೆಯೇ ಆ ಏಣು.

## ಯಾವುದು ನಿಜ, ಯಾವುದು ಕಟ್ಟಿದ್ದು?

ಆಟ ಮುಗಿಸಿದ ಮಕ್ಕಳು ಇದೆಲ್ಲ ನಿಜವಾ ಎಂದು ಕೇಳುವುದು ಸಹಜ. ನಿಜವನ್ನೂ ಕಲ್ಪನೆಯನ್ನೂ ಅಷ್ಟು ನುಣ್ಣಗೆ ಬೆರೆಸಿದ್ದಾರೆ.

ಕಥೆಯಲ್ಲಿ 'ಐಬಿಎನ್ 5100' ಎಂಬ ಹೆಸರಿನಲ್ಲಿ ಬರುವ ಐಬಿಎಂ 5100 ಕಂಪ್ಯೂಟರ್ ನಿಜವಾದದ್ದು. 1975ರಲ್ಲಿ ಬಂದದ್ದು, ತೂಕ ಸುಮಾರು 25 ಕೆ.ಜಿ. ಹೊತ್ತು ಒಯ್ಯಬಹುದಾದ ಕಂಪ್ಯೂಟರ್ ಎಂದು ಆಗ ಅದನ್ನು ಮಾರುತ್ತಿದ್ದರು. ಜಾನ್ ಟೈಟರ್ ಎಂಬ ಹೆಸರೂ ಆಟದಲ್ಲಿ ಹುಟ್ಟಿದ್ದಲ್ಲ. ತಾನು 2036ರಿಂದ ಬಂದ ಸೈನಿಕ, ಈ ಕಂಪ್ಯೂಟರ್ ಹುಡುಕುತ್ತಿದ್ದೇನೆ ಎಂದು 2000-2001ರಲ್ಲಿ ಯಾರೋ ಇಂಟರ್‌ನೆಟ್ಟಿನಲ್ಲಿ ಆ ಹೆಸರಿನಿಂದ ಬರೆದಿದ್ದರು. ಅಮೆರಿಕದಲ್ಲಿ ಒಳಯುದ್ಧವಾಗುತ್ತದೆ ಎಂದೂ ಹೇಳಿದ್ದರು. ಅದು ಆಗಲಿಲ್ಲ. ಬರಹ ಇದ್ದದ್ದು ನಿಜ, ಕಾಲಯಾನ ನಿಜವಲ್ಲ.

ಆಟದ ಖಳ ಸಂಸ್ಥೆ 'ಸರ್ನ್'. ಹೆಸರು ಕೇಳಿದರೆ ಯುರೋಪಿನ ನಿಜವಾದ ಸಂಶೋಧನಾ ಕೇಂದ್ರ ನೆನಪಾಗುತ್ತದೆ. ಸ್ವಿಟ್ಜರ್ಲೆಂಡ್-ಫ್ರಾನ್ಸ್ ಗಡಿಯಲ್ಲಿ ನೆಲದಡಿ 27 ಕಿ.ಮೀ. ಸುತ್ತಳತೆಯ, ಕಣಗಳನ್ನು ಡಿಕ್ಕಿ ಹೊಡೆಸುವ ಅದರ ಯಂತ್ರ 2008ರ ಸೆಪ್ಟೆಂಬರ್ 10ರಂದು ಶುರುವಾದಾಗ, ಅದರಿಂದ ಕಪ್ಪುಕುಳಿ ಹುಟ್ಟಿ ಭೂಮಿಯನ್ನೇ ನುಂಗುತ್ತದೆ ಎಂದು ನಮ್ಮ ಟಿವಿಗಳಲ್ಲೂ ಹೆದರಿಸಿದ್ದರು. ಏನೂ ಆಗಲಿಲ್ಲ. ಆಟದ ಸಂಸ್ಥೆ ಮಾಡುವ ಕೆಟ್ಟ ಕೆಲಸಗಳೆಲ್ಲ ಬರೀ ಕಥೆ.

ಇನ್ನು ಕಾಲ. ಕಾಲ ಎಲ್ಲ ಕಡೆ ಒಂದೇ ವೇಗದಲ್ಲಿ ಓಡುವುದಿಲ್ಲ ಎಂಬುದು ಪಕ್ಕಾ. ನಿಮ್ಮ ಮೊಬೈಲಿಗೆ ದಾರಿ ತೋರಿಸುವ ಜಿಪಿಎಸ್ ಉಪಗ್ರಹಗಳ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ಐನ್‌ಸ್ಟೈನರ ಲೆಕ್ಕದ ಪ್ರಕಾರ ಅದನ್ನು ಸರಿಪಡಿಸುತ್ತಾರೆ. ಇಲ್ಲದಿದ್ದರೆ ನಕ್ಷೆಯಲ್ಲಿ ದಿನಕ್ಕೆ ಕಿಲೋಮೀಟರ್‌ಗಟ್ಟಲೆ ತಪ್ಪು ಬರುತ್ತದೆ. ಆದರೆ ಹಿಂದಿನ ಕಾಲಕ್ಕೆ ಒಂದಕ್ಷರವನ್ನೂ ಯಾರೂ ಕಳಿಸಿಲ್ಲ. ವರ್ಲ್ಡ್ ಲೈನ್ ಎಂಬ ಪದ ಭೌತಶಾಸ್ತ್ರದಲ್ಲೂ ಇದೆ, ಅಲ್ಲಿ ಅರ್ಥ ಬೇರೆ. ಒಂದು ವಸ್ತು ಸ್ಥಳ ಮತ್ತು ಕಾಲದಲ್ಲಿ ಸಾಗಿದ ದಾರಿಗೆ ಹಾಗನ್ನುತ್ತಾರೆ. ಪರೀಕ್ಷೆಯಲ್ಲಿ ಆಟದ ಅರ್ಥ ಬರೆದರೆ ಅಂಕ ಸಿಗುವುದಿಲ್ಲ.

## ಒಂಬತ್ತು ಬಾಗಿಲುಗಳ ಇನ್ನೊಂದು ಆಟ

ಅದೇ 2009ರ ಡಿಸೆಂಬರ್‌ನಲ್ಲಿ ಬಂದ 'ನೈನ್ ಅವರ್ಸ್, ನೈನ್ ಪರ್ಸನ್ಸ್, ನೈನ್ ಡೋರ್ಸ್' ಕೂಡ ಇದೇ ಬಗೆಯದು. ಒಂದು ಹಡಗು, ಒಂಬತ್ತು ಜನ, ಒಂಬತ್ತು ಗಂಟೆ. ಪ್ರತಿಯೊಬ್ಬರ ಮಣಿಕಟ್ಟಿಗೆ ಒಂದೊಂದು ನಂಬರ್ ಇರುವ ಕಡಗ. ಮೂರರಿಂದ ಐದು ಜನ ಸೇರಿ ತಮ್ಮ ನಂಬರುಗಳನ್ನು ಕೂಡಬೇಕು. ಬಂದ ಮೊತ್ತದ ಅಂಕಿಗಳನ್ನು ಒಂದೇ ಅಂಕಿ ಉಳಿಯುವ ತನಕ ಮತ್ತೆ ಕೂಡಬೇಕು. ಅದು ಬಾಗಿಲಿನ ನಂಬರಿಗೆ ಸಮವಾದರೆ ಬಾಗಿಲು ತೆರೆಯುತ್ತದೆ. 2, 6, 8 ಸೇರಿದರೆ 16. ಒಂದು ಮತ್ತು ಆರು ಕೂಡಿದರೆ 7. ಏಳನೇ ಬಾಗಿಲು. ಇದರಲ್ಲಿ ಒಂದು ಸ್ವಾರಸ್ಯ ಇದೆ: ಆ ಗುಂಪಿಗೆ 9ನೇ ನಂಬರಿನವನನ್ನು ಸೇರಿಸಿ ನೋಡಿ. 25 ಆಗುತ್ತದೆ, ಮತ್ತೆ 7. ಒಂಬತ್ತು ಸೇರಿದರೂ ಉತ್ತರ ಬದಲಾಗುವುದಿಲ್ಲ. ಯಾರು ಯಾರ ಜೊತೆ ಹೋಗಬಹುದು, ಯಾರು ಸುಳ್ಳು ಹೇಳುತ್ತಿರಬಹುದು ಎಂದು ಕಾಗದ ಪೆನ್ನು ಹಿಡಿದು ಲೆಕ್ಕ ಹಾಕುತ್ತಾ ಕೂತರೆ ಮಜಾ ಬರುತ್ತದೆ.

## ಎಲ್ಲಿಂದ ಬಂದವು?

1983ರಲ್ಲಿ ಜಪಾನಿನಲ್ಲಿ ಒಂದು ಕೊಲೆ ರಹಸ್ಯವನ್ನು ಕಂಪ್ಯೂಟರಿನಲ್ಲಿ ಬಿಡಿಸುವ ಆಟ ಬಂತು. ಮಾಡಿದವರು ಯೂಜಿ ಹೋರಿ. 1992ರಲ್ಲಿ ಚುನ್‌ಸಾಫ್ಟ್ ಕಂಪನಿ ಅಕ್ಷರ, ಚಿತ್ರ, ಶಬ್ದಗಳನ್ನು ಕೂಡಿಸಿ 'ಸೌಂಡ್ ನಾವೆಲ್' ಎಂದು ಮಾರಿತು. 1996ರಲ್ಲಿ ಲೀಫ್ ಎಂಬ ಕಂಪನಿ ತನ್ನ ಆಟಗಳಿಗೆ 'ವಿಷುಯಲ್ ನಾವೆಲ್' ಎಂದು ಹೆಸರು ಕೊಟ್ಟಿತು. ಆ ಹೆಸರೇ ನಿಂತಿತು.

## ಮನೆಯಲ್ಲಿ ಆಡುವ ಮುಂಚೆ

ಮೊದಲು ವಯಸ್ಸು ನೋಡಿ. ಚಿತ್ರ ಮುದ್ದಾಗಿದೆ ಎಂದು ಮಕ್ಕಳ ಆಟ ಅಂದುಕೊಳ್ಳಬೇಡಿ. ಮೇಲೆ ಹೇಳಿದ 2009ರ ಎರಡೂ ಆಟಗಳಿಗೆ ಅಮೆರಿಕದಲ್ಲಿ 17 ತುಂಬಿದವರಿಗೆ ಎಂಬ ರೇಟಿಂಗ್ ಇದೆ. ರಕ್ತ, ಸಾವು, ಕೆಲವು ಒರಟು ಮಾತುಗಳಿವೆ. ಈ ಬಗೆಯಲ್ಲಿ ಪೂರ್ತಿ ದೊಡ್ಡವರಿಗೇ ಮಾಡಿದ ಆಟಗಳೂ ಬಹಳ ಇವೆ. 2017ರ 'ಡೋಕಿ ಡೋಕಿ ಲಿಟರೇಚರ್ ಕ್ಲಬ್' ಹೊರಗಿನಿಂದ ಶಾಲೆ ಹುಡುಗಿಯರ ಹಗುರ ಕಥೆಯಂತೆ ಕಾಣುತ್ತದೆ, ಒಳಗೆ ಮನಸ್ಸು ಕಲಕುವ ಭಯಾನಕ ಕಥೆ. ಮಕ್ಕಳಿಗಲ್ಲ ಎಂದು ಆಟವೇ ಶುರುವಿನಲ್ಲಿ ಎಚ್ಚರಿಸುತ್ತದೆ. ಆ ಎಚ್ಚರಿಕೆಯನ್ನು ದಯವಿಟ್ಟು ಓದಿ.

ಲ್ಯಾಪ್‌ಟಾಪ್ ದೊಡ್ಡದೇ ಬೇಕೆಂದಿಲ್ಲ, ಹಳೆಯದೂ ನಡೆಯುತ್ತದೆ. ಇಂಗ್ಲಿಷ್ ಓದು ಮಾತ್ರ ಬೇಕು. ಸ್ಟೈನ್ಸ್ ಗೇಟಿನಲ್ಲಿ ಕಷ್ಟದ ಪದಗಳಿಗೆ ಆಟದೊಳಗೇ ಅರ್ಥಕೋಶ ಇದೆ. ಪ್ರತಿ ಕವಲಿನಲ್ಲೂ ಬೇರೆ ಬೇರೆ ಜಾಗದಲ್ಲಿ ಸೇವ್ ಮಾಡಿ. ಒಂದರ ಮೇಲೊಂದು ಸೇವ್ ಮಾಡಿದರೆ ಹಿಂದಿನದು ಅಳಿಸುತ್ತದೆ, ಆಮೇಲೆ ಮೊದಲಿನಿಂದ ಓದಬೇಕು. ಮೊದಲ ಸಲ ಯಾರ ಸಹಾಯವೂ ಇಲ್ಲದೆ ಓದಿ ಒಂದು ಕೊನೆ ಮುಟ್ಟಿ. ಟ್ರೂ ಎಂಡ್ ಸಿಗದಿದ್ದರೆ ಆಗ ಬೇರೆಯವರನ್ನು ಕೇಳಿ.

ಇಂಥ ಆಟ ಮಾಡಲು 'ರೆನ್‌ಪೈ' ಎಂಬ ಸಾಫ್ಟ್‌ವೇರ್ ಇದೆ. 2004ರಿಂದ ಇದೆ, ದುಡ್ಡು ಕೊಡಬೇಕಿಲ್ಲ. ಡೋಕಿ ಡೋಕಿ ಆಟವನ್ನು ಮಾಡಿದ್ದು ಇದರಲ್ಲೇ. ನಾಟಕದ ಪ್ರತಿಯಂತೆ ಯಾರು ಬಂದರು, ಏನು ಹೇಳಿದರು ಎಂದು ಸಾಲು ಸಾಲಾಗಿ ಬರೆಯುತ್ತಾ ಹೋದರೆ ಆಟ ತಯಾರು. ಅಕ್ಕನ ಮಗಳು ಅದರಲ್ಲಿ ಟ್ರಂಕಿನ ಕಥೆ ಬರೆಯಲು ಕೂತಿದ್ದಾಳೆ, ಕನ್ನಡದಲ್ಲೇ. ಮೊನ್ನೆ ಫೋನಿನಲ್ಲಿ ಕೇಳಿದಳು: "ಮಾಮಾ, ಹಿಂದಿನ ಪರದೆಗೆ ಹಳೇ ಮನಿ ಫೋಟೊ ಬೇಕಾಗೇತ್ರೀ, ನಿಮ್ಮ ಹತ್ರ ಅದಾವೇನು?" ನನ್ನ ಹತ್ತಿರ ಇದ್ದದ್ದು ಒಂದೇ, ಅದೂ ಅಂಗಳದ್ದು. ಕಳಿಸಿದೆ. ಪಡಸಾಲೆಯದು ಅಕ್ಕನ ಹತ್ತಿರ ಇರಬೇಕು, ಹುಡುಕುತ್ತಿದ್ದಾಳೆ.